ಬಾಣಂತಿ ಕೋಣೆಗೆ ಎರಡು ಟನ್

ಏಪ್ರಿಲ್ ಬಂತೆಂದರೆ ನಮ್ಮ ಮನೆಯ ಮಹಡಿ ಕೋಣೆಯಲ್ಲಿ ವರ್ಷಕ್ಕೊಮ್ಮೆ ಒಂದು ವಾಸನೆ ಏಳುತ್ತದೆ. ಹತ್ತು ತಿಂಗಳು ಹಳೆಯ ಬೆಡ್‌ಶೀಟು ಹೊದ್ದು ಮಲಗಿದ್ದ ಎಸಿಯ ಮುಸುಕು ತೆಗೆದು ಗುಂಡಿ ಒತ್ತಿದಾಗ ಮೊದಲ ಎರಡು ನಿಮಿಷ ಬರುವ ವಾಸನೆ ಅದು. ಸ್ವಲ್ಪ ಧೂಳು, ಸ್ವಲ್ಪ ಒದ್ದೆ ಪ್ಲಾಸ್ಟಿಕ್ಕು, ಅದರ ಹಿಂದೆ ಎಲ್ಲೋ ಒಂದಿಷ್ಟು ಸಾಂಬ್ರಾಣಿ. ಸಾಂಬ್ರಾಣಿಯದು ನನ್ನ ಭ್ರಮೆ ಎಂದು ನನ್ನ ಹೆಂಡತಿ ಜಯಾ ಹೇಳುತ್ತಾಳೆ. ಐದು ವರ್ಷದ ಹಿಂದಿನ ಹೊಗೆ ಇನ್ನೂ ಉಳಿದಿರುವುದಕ್ಕೆ ಅದೇನು ಪಿತ್ರಾರ್ಜಿತ ಆಸ್ತಿಯೇ ಎಂಬುದು ಅವಳ ವಾದ. ಇವತ್ತು ಬೆಳಿಗ್ಗೆ ಮಗಳ ಸಂಸಾರ ರಜಕ್ಕೆ ಬರುತ್ತದೆಂದು, ಎಸಿ ಓಡುತ್ತದೋ ಇಲ್ಲವೋ ನೋಡಲು ಅವಳೇ ನನ್ನನ್ನು ಮೇಲಕ್ಕೆ ಕಳಿಸಿದಳು. ಗುಂಡಿ ಒತ್ತಿದೆ, ಮೂಗೆತ್ತಿ ನಿಂತೆ, ಸಾಂಬ್ರಾಣಿ ಬಂತು. ಅವಳಿಗೆ ಹೇಳಿದರೆ ಜಗಳ, ಆದ್ದರಿಂದ ನಿಮಗೆ ಹೇಳುತ್ತಿದ್ದೇನೆ.

ಹೇಳಬೇಕಾದರೆ ನಮ್ಮಪ್ಪನಿಂದ ಶುರು ಮಾಡಬೇಕು. ಎಸಿಗೂ ನಮ್ಮಪ್ಪನಿಗೂ ಯಾವ ಸಂಬಂಧವೂ ಇಲ್ಲ. ಟೇಬಲ್ ಫ್ಯಾನನ್ನೇ ಶೋಕಿ ಎಂದುಕೊಂಡಿದ್ದವರು ಅವರು. ಆದರೆ ಕೊಳ್ಳುವ ವಸ್ತುವಿನ ಅಳತೆಯ ಬಗ್ಗೆ ಅವರಿಗೊಂದು ಸಿದ್ಧಾಂತವಿತ್ತು. ಏನೇ ತಗೊಂಡರೂ ಒಂದು ಸೈಜು ದೊಡ್ಡದಿರಬೇಕು. ಪ್ರತಿ ಮೇ ತಿಂಗಳ ಕೊನೆಗೆ ನನ್ನನ್ನು ರಾಜಾಜಿನಗರದ ಟೈಲರೊಬ್ಬರ ಮುಂದೆ ನಿಲ್ಲಿಸುತ್ತಿದ್ದರು. ಟೈಲರು ಟೇಪು ಹಿಡಿದು ಪಾಪ ಶ್ರದ್ಧೆಯಿಂದ ಅಳೆದು, ಚೀಟಿಯಲ್ಲಿ ಬರೆದುಕೊಳ್ಳುವಾಗ ಅಪ್ಪ ಪಕ್ಕದಿಂದ ಹೇಳುವರು: “ನಿಮ್ಮ ಅಳತೆ ನೀವು ಬರ್ಕೊಳ್ಳಿ. ಅದರ ಮೇಲೆ ಎಲ್ಲಾ ಕಡೆ ಎರಡೆರಡು ಇಂಚು ಬಿಡಿ. ಬೆಳೆಯೋ ಹುಡುಗ.” ಹಾಗಿದ್ದರೆ ಅಳೆದಿದ್ದೇಕೆ ಎಂದು ಆ ಟೈಲರು ಒಮ್ಮೆಯೂ ಕೇಳಲಿಲ್ಲ. ಎಲ್ಲ ಅಪ್ಪಂದಿರೂ ಹಾಗೆಯೇ ಹೇಳುತ್ತಿದ್ದರೋ ಏನೋ.

ಬೂಟಿನದೂ ಅದೇ ಕತೆ. ಮುಂದೆ ಖಾಲಿ ಉಳಿದ ಜಾಗಕ್ಕೆ ದಿನಪತ್ರಿಕೆ ತುರುಕಿ ಕಳಿಸುತ್ತಿದ್ದರು. ಬೂಟು ಕಾಲಿಗೆ ಸರಿಹೊಂದುವ ಹೊತ್ತಿಗೆ ಅದರ ಅಟ್ಟೆ ಕಿತ್ತು ಬಾಯಿ ತೆರೆದಿರುತ್ತಿತ್ತು. ಹೊಸದಿದ್ದಾಗ ದೊಗಳೆ, ಸರಿಯಾದಾಗ ಹಳತು. ನನ್ನ ಬಾಲ್ಯದಲ್ಲಿ ಹೊಸದೂ ಆಗಿ ಅಳತೆಗೂ ಸರಿಯಿದ್ದ ವಸ್ತು ಒಂದನ್ನಾದರೂ ನೆನಪಿಸಿಕೊಳ್ಳೋಣವೆಂದರೆ ಆಗುವುದಿಲ್ಲ. ನನ್ನ ಮದುವೆಯ ಉಂಗುರಕ್ಕೂ ಅಪ್ಪನೇ ಅಳತೆ ಕೊಟ್ಟಿದ್ದರು. ಮದುವೆಯಾದ ಮೇಲೆ ಹುಡುಗ ಮೈಕೈ ತುಂಬಿಕೊಳ್ಳುತ್ತಾನೆ ಎಂಬ ಭರವಸೆಯಿಂದ. ಮೂವತ್ತೇಳು ವರ್ಷ ಜಯಾಳ ಕೈ ಅಡುಗೆ ಉಂಡು ಹೊಟ್ಟೆಯೇನೋ ತುಂಬಿಕೊಂಡಿತು, ಬೆರಳು ತುಂಬಲಿಲ್ಲ. ಉಂಗುರಕ್ಕೆ ಇವತ್ತಿಗೂ ದಾರ ಸುತ್ತಿದೆ.

ಇಂಥ ಮನೆಯಲ್ಲಿ ಬೆಳೆದವನು ಬೇರೆ ದಾರಿ ಹಿಡಿಯಬಹುದಿತ್ತು. ನಾನು ಹಿಡಿಯಲಿಲ್ಲ. ಮೂರು ಜನರ ಮನೆಗೆ ಎಂಟು ಲೀಟರಿನ ಕುಕ್ಕರ್ ತಂದೆ. ಅದರ ತಳದಲ್ಲಿ ಅರ್ಧ ಪಾವು ಅಕ್ಕಿ ಹಾಕಿದರೆ ಹುಡುಕಿ ತೆಗೆಯಬೇಕು. ಮಹಡಿ ಕೋಣೆಗೆಂದು ತಂದ ಬೀರು ಮೆಟ್ಟಿಲ ತಿರುವಿನಲ್ಲಿ ತಿರುಗದೆ, ಇಪ್ಪತ್ತು ವರ್ಷದಿಂದ ಕೆಳಗಿನ ಹಾಲಿನಲ್ಲಿ ಟೀವಿಯ ಪಕ್ಕ ನಿಂತಿದೆ. ಬಂದವರೆಲ್ಲ ಅದನ್ನೊಮ್ಮೆ ನನ್ನನ್ನೊಮ್ಮೆ ನೋಡುತ್ತಾರೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರಲ್ಲ, ನಮ್ಮ ವಂಶದಲ್ಲಿ ಕಾಲಿನ ಬಗ್ಗೆ ಯಾರೂ ತಲೆ ಕೆಡಿಸಿಕೊಂಡವರಲ್ಲ. ಹಾಸಿಗೆಯನ್ನೇ ಮುಂದಿನ ಮನೆಯ ತನಕ ಹಾಸಿಬಿಡುವ ಜಾತಿ ನಮ್ಮದು.

ಇನ್ನೂ ನಗು ಬರುವ ಸಂಗತಿಯೆಂದರೆ ನಾನು ವಿಜ್ಞಾನದ ಮೇಷ್ಟ್ರು. ಕಾಮಾಕ್ಷಿಪಾಳ್ಯದ ಒಂದು ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಉಷ್ಣ, ಶೈತ್ಯ, ಆರ್ದ್ರತೆ ಎಂದೆಲ್ಲ ಹಲಗೆಯ ಮೇಲೆ ಬರೆದವನು. ನನ್ನ ಒಬ್ಬಳೇ ಮಗಳು ಸುಮಾ ಕೂಡ ಅದೇ ಶಾಲೆಯಲ್ಲಿ ಮೂರು ವರ್ಷ ನನ್ನ ಎದುರಿನ ಬೆಂಚಿನಲ್ಲಿ ಕುಳಿತು, ಮನೆಯಲ್ಲಿ “ಅಪ್ಪ” ಅನ್ನುವವಳು ಅಲ್ಲಿ “ಸಾರ್” ಅನ್ನುತ್ತಾ ಪಾಸಾದಳು. ಆ “ಸಾರ್” ಮುಂದೆ ನನಗೆ ಎಲ್ಲಿ ತಿರುಗಿ ಬಿತ್ತು ಎಂಬುದನ್ನು ಹೇಳುತ್ತೇನೆ.

ನಮ್ಮ ಮನೆ ಮೂಡಲಪಾಳ್ಯದಲ್ಲಿದೆ. ಕೆಳಗೊಂದು ಮಲಗುವ ಕೋಣೆ, ಮೇಲೊಂದು. ಕೆಳಗಿನ ಕೋಣೆಯ ಗೋಡೆಗೆ ಅಂಟಿಕೊಂಡೇ ಪಕ್ಕದವರ ಹಿಟ್ಟಿನ ಗಿರಣಿ. ಬೆಳಿಗ್ಗೆ ಆರಕ್ಕೆ ರಾಗಿ ಬೀಸಲು ಶುರುವಾದರೆ ನಮ್ಮ ಮಂಚವೂ ಜೊತೆಗೆ ಬೀಸುತ್ತದೆ. ನಮಗಿಬ್ಬರಿಗೆ ಅದು ಅಭ್ಯಾಸವಾಗಿದೆ. ಭಾನುವಾರ ಗಿರಣಿ ಇಲ್ಲದಿದ್ದರೆ ಎಚ್ಚರವೇ ಆಗುವುದಿಲ್ಲ. ಮೇಲಿನ ಕೋಣೆಗೆ ಆ ಸದ್ದಿಲ್ಲ. ಆದರೆ ಅದರ ನೆತ್ತಿಯ ಮೇಲೆ ಬರಿಯ ತಾರಸಿ, ಪಶ್ಚಿಮಕ್ಕೆ ಒಂದು ದೊಡ್ಡ ಕಿಟಕಿ. ಆ ಕಿಟಕಿಯನ್ನು ಒಂದು ಸೈಜು ದೊಡ್ಡದಾಗಿ ಇಡಿಸಿದವನು ಯಾರು ಎಂದು ನೀವು ಕೇಳಬೇಕಾಗಿಲ್ಲ.

ಸುಮಾ ಮದುವೆಯಾಗಿ ಕೆಂಗೇರಿಯಲ್ಲಿದ್ದಾಳೆ. ಐದು ವರ್ಷದ ಹಿಂದೆ ಅವಳಿಗೆ ಮೊದಲ ಹೆರಿಗೆ, ಮಾರ್ಚ್ ಕೊನೆಗೆ ದಿನ ಕೊಟ್ಟಿದ್ದರು. ಚೊಚ್ಚಲ ಬಾಣಂತನ ತವರಿನಲ್ಲಿ ಆಗಬೇಕು. ಅದರಲ್ಲಿ ಚರ್ಚೆಗೆ ಜಾಗವೇ ಇಲ್ಲ ಎಂದು ಜಯಾ ಸೀಮಂತದ ದಿನವೇ ಘೋಷಿಸಿ, ಬಾಣಂತಿಗೆ ಏನೇನು ಕೂಡದು ಎಂಬ ಪಟ್ಟಿಯನ್ನೂ ಒಪ್ಪಿಸಿದಳು. ಫ್ಯಾನು ಕೂಡದು. ಕಿಟಕಿ ತೆಗೆಯಕೂಡದು. ತಲೆಗೆ ಸ್ಕಾರ್ಫು, ಕಿವಿಗೆ ಹತ್ತಿ, ಎರಡು ಹೊತ್ತು ಮೆಣಸಿನ ಸಾರು, ಮೈಮೇಲೆ ಹೊಗೆಯಾಡುವಂಥ ಬಿಸಿನೀರು, ಆಮೇಲೆ ಸಾಂಬ್ರಾಣಿ ಹೊಗೆ. ಸುಮಾ ಎಲ್ಲವನ್ನೂ ಕೇಳಿ, ಬಾಯಲ್ಲಿದ್ದ ಚಕ್ಕುಲಿ ಮುಗಿಸಿ ಹೇಳಿದಳು: “ಅಮ್ಮ, ಏಪ್ರಿಲ್‌ನಲ್ಲಿ ಆ ಮೇಲಿನ ರೂಮಲ್ಲಿ ಹಪ್ಪಳ ಇಟ್ರೆ ತಾನೇ ಸುಡುತ್ತೆ. ಅಲ್ಲಿ ಸ್ಕಾರ್ಫ್ ಕಟ್ಕೊಂಡು ಕೂರೋದಕ್ಕೆ ನಂಗೇನು ತಲೆ ಕೆಟ್ಟಿದ್ಯಾ? ನಮ್ಮತ್ತೆ ಕೆಂಗೇರಿಲೇ ಮಾಡ್ತೀನಿ ಅಂತಿದಾರೆ. ಅಲ್ಲಿ ಗ್ರೌಂಡ್ ಫ್ಲೋರು, ಮುಂದೆ ಹೊಂಗೆಮರ. ನಾನು ಅಲ್ಲೇ ಇರ್ತೀನಿ ಬಿಡು.”

ಜಯಾಳ ಮುಖ ನೋಡಬೇಕಿತ್ತು. ಆದರೆ ನಿಜ ಹೇಳಲಾ? ಅವಳಿಗಿಂತ ನನಗೆ ಹೆಚ್ಚು ಧಸಕ್ಕೆಂದಿತು.

ಯಾಕೆಂದರೆ, ಸುಮಾ ಹುಟ್ಟಿದಾಗ ಜಯಾಳ ಬಾಣಂತನ ಅವಳ ತವರು ಮಾಗಡಿಯಲ್ಲಿ ಆಯಿತು. ನಾನು ಭಾನುವಾರ ಭಾನುವಾರ ಬಸ್ಸಿನಲ್ಲಿ ಹೋಗುವುದು, ಹಜಾರದಲ್ಲಿ ಕುರ್ಚಿ ಹಾಕಿ ಕೂರಿಸಿದರೆ ಕೂರುವುದು, ಅತ್ತೆ ಬಟ್ಟೆಯಲ್ಲಿ ಸುತ್ತಿದ ಮಗುವನ್ನು ತಂದು ಎರಡು ನಿಮಿಷ ತೋರಿಸುವುದು, “ಸಾಕು, ಗಾಳಿ ತಾಗುತ್ತೆ” ಎಂದು ಒಳಗೆ ಒಯ್ಯುವುದು. ಕಾಫಿ ಕುಡಿದು ಕೊನೆಯ ಬಸ್ಸಿಗೆ ವಾಪಸ್ಸು. ಹೀಗೆ ಐದು ತಿಂಗಳು. ನನ್ನ ಮಗಳು ಮೊದಲ ಸಲ ನಕ್ಕಿದ್ದು, ಕತ್ತು ಎತ್ತಿದ್ದು, ಮಗುಚಿಕೊಂಡಿದ್ದು ಎಲ್ಲವೂ ವಾರದ ನಡುವಿನ ದಿನಗಳಲ್ಲಿ. ನಾನು ಹೋದಾಗಲೆಲ್ಲ ಅವಳು ನಿದ್ದೆ ಮಾಡುತ್ತಿದ್ದಳು. ಆ ಐದು ತಿಂಗಳು ನನ್ನ ಲೆಕ್ಕಕ್ಕೆ ಸಿಗಲೇ ಇಲ್ಲ ಎಂಬ ಸಂಕಟ ಮೂವತ್ತು ವರ್ಷ ಹೊಟ್ಟೆಯೊಳಗೆ ಕೂತಿತ್ತು. ಈಗ ನಿವೃತ್ತನಾಗಿದ್ದೇನೆ, ಮೊಮ್ಮಗು ನಮ್ಮ ಮನೆಗೇ ಬರುತ್ತದೆ, ಒಂದೊಂದು ದಿನವನ್ನೂ ನೋಡುತ್ತೇನೆ ಎಂದು ಯಾರಿಗೂ ಹೇಳದೆ ಕಾಯುತ್ತಿದ್ದೆ. ಮಗಳು ಕೆಂಗೇರಿ ಅಂದಳು. ಮತ್ತೆ ಭಾನುವಾರದ ಕುರ್ಚಿ, ಎರಡು ನಿಮಿಷದ ದರ್ಶನ.

“ಎಸಿ ಹಾಕಿಸ್ತೀನಿ,” ಎಂದೆ. ನನ್ನ ದನಿ ನನಗೇ ಜೋರಾಗಿ ಕೇಳಿಸಿತು.

“ಬಾಣಂತಿ ರೂಮಿಗೆ ಎಸಿನಾ!” ಜಯಾ ಎದೆ ಮುಟ್ಟಿಕೊಂಡಳು. “ಹೊರಗೆ ಹೇಳ್ಬೇಡಿ, ಜನ ನಗ್ತಾರೆ.”

ಎರಡು ವಾರ ಮಾತುಕತೆ ನಡೆಯಿತು. ಮಗು ಬೆವರಲೂಬಾರದು ನಡುಗಲೂಬಾರದು, ಅಷ್ಟೇ ನೋಡಿಕೊಳ್ಳಿ ಎಂದು ಡಾಕ್ಟರಮ್ಮ ಹೇಳಿದ ಮೇಲೆ ಒಂದು ರಾಜಿಯಾಯಿತು. ತಣ್ಣಗೆ ಮಾಡುವುದಕ್ಕೆ ಸುಮಾಳ ಕಡೆಯಿಂದ ಎಸಿ. ಬಿಸಿ ಮಾಡುವುದಕ್ಕೆ ಜಯಾಳ ಕಡೆಯಿಂದ ದೊಡ್ಡ ಗೀಸರು. ಮೇಲಿನ ಬಚ್ಚಲಲ್ಲಿದ್ದ ಮೂರು ಲೀಟರಿನದು ಕೈ ತೊಳೆಯುವುದಕ್ಕೆ ಮಾತ್ರ ಲಾಯಕ್ಕು. ಗೀಸರಿನ ಅಂಗಡಿಯಲ್ಲಿ ನಾನು ಐವತ್ತು ಲೀಟರಿನದಕ್ಕೆ ಕೈ ತೋರಿಸಿದೆ. ಜಯಾ ನನ್ನ ಕೈಯನ್ನು ಕೆಳಗಿಳಿಸಿ, “ನೀರು ಹಾಕೋಳು ನಾನು. ಮಗೂಗೆ ಅರ್ಧ ಬಕೆಟ್ಟು, ಸುಮಾಗೆ ಎರಡು. ಕುದಿಯೋ ನೀರಿಗೆ ತಣ್ಣೀರು ಬೆರೆಸ್ತೀನಲ್ಲ, ಇಪ್ಪತ್ತೈದರದ್ದು ಕೊಡಪ್ಪ,” ಎಂದಳು. ಎರಡು ನಿಮಿಷದಲ್ಲಿ ವ್ಯಾಪಾರ ಮುಗಿಯಿತು. ಆ ಇಪ್ಪತ್ತೈದು ಲೀಟರು ಬಾಣಂತನದ ಕೊನೆಯ ದಿನದವರೆಗೆ ಒಂದು ಚೊಂಬು ಹೆಚ್ಚಾಗಲಿಲ್ಲ, ಒಂದು ಚೊಂಬು ಕಡಿಮೆಯಾಗಲಿಲ್ಲ. ಅದನ್ನು ನೋಡಿಯಾದರೂ ನಾನು ಕಲಿಯಬಹುದಿತ್ತು.

ಎಸಿ ತರಲು ಒಬ್ಬನೇ ಹೋದೆ. ಅಂಗಡಿಯವನು ಮರ್ಯಾದಸ್ಥ. “ರೂಮ್ ಎಷ್ಟಿದೆ ಸಾರ್?” ಅಂದ. ಹತ್ತು ಹನ್ನೊಂದು ಅಡಿ ಎಂದೆ. “ಒಂದು ಟನ್ ಸಾಕು ಸಾರ್, ಆರಾಮಾಗಿ ಸಾಕು.” ಸಾಕು ಎಂಬ ಮಾತು ಕಿವಿಗೆ ಬಿದ್ದದ್ದೇ, ನಮ್ಮಪ್ಪ ನನ್ನೊಳಗೆ ಎದ್ದು ಪಂಚೆ ಕಟ್ಟಿಕೊಂಡರು.

“ಅದರ ಮೇಲಿಂದು?” ಎಂದೆ.

“ಒಂದೂವರೆ ಸಾರ್.”

“ಅದರ ಮೇಲಿಂದು?”

ಒಂದು ಸೈಜು ಅಪ್ಪನ ಹೆಸರಿಗೆ, ಇನ್ನೊಂದು ಹುಟ್ಟಲಿರುವ ಮೊಮ್ಮಗುವಿನ ಹೆಸರಿಗೆ. ಎರಡು ಟನ್ನಿನ ಎಸಿ ಬುಕ್ ಮಾಡಿ ಮನೆಗೆ ಬಂದು, ಟನ್ ಅಂದರೆ ಯಂತ್ರದ ತೂಕವಲ್ಲ, ಒಂದು ಟನ್ ಮಂಜುಗಡ್ಡೆ ಒಂದು ದಿನದಲ್ಲಿ ಕರಗುತ್ತಾ ಎಷ್ಟು ತಣಿಸುತ್ತದೋ ಅಷ್ಟು ಎಂದು ಜಯಾಳಿಗೆ ಪಾಠ ಮಾಡಿದೆ. ಅವಳು ಬೀನ್ಸ್ ಸೋಸುತ್ತಿದ್ದವಳು ಕೈ ನಿಲ್ಲಿಸಿ, “ಎರಡು ಟನ್ ಐಸಿನ ಪಕ್ಕ ಬಾಣಂತೀನ ಮಲಗಿಸ್ತೀರಾ?” ಎಂದಳು. ವಿಜ್ಞಾನ ತಿಳಿಯದವರ ಜೊತೆ ಮಾತಾಡಿ ಪ್ರಯೋಜನವಿಲ್ಲ ಎಂದು ನಾನು ಪೇಪರು ಬಿಡಿಸಿದೆ.

ಅದನ್ನು ಗೋಡೆಗೆ ಕೂರಿಸಲು ಬಂದವರು ಕಾಮಾಕ್ಷಿಪಾಳ್ಯದ ಅನ್ವರ್. ಐವತ್ತರ ಸುಮಾರಿನ ಮನುಷ್ಯ, ಮಾತು ಕಡಿಮೆ, ಕಿವಿಯ ಹಿಂದೆ ಸದಾ ಒಂದು ಪೆನ್ಸಿಲ್ಲು. ಪೆಟ್ಟಿಗೆ ನೋಡಿದರು, ಕೋಣೆ ನೋಡಿದರು, ಮತ್ತೆ ಪೆಟ್ಟಿಗೆ ನೋಡಿದರು.

“ಸಾರ್, ಬೇರೆ ರೂಮು ಇದ್ಯಾ?”

“ಇಲ್ಲ, ಇದೇ.”

“ಇದು ಈ ರೂಮಿಗಲ್ಲ ಸಾರ್. ಚೌಟ್ರಿಲಿ ಊಟದ ಹಾಲಿಗೆ ಹಾಕ್ತಾರಲ್ಲ, ಅಂಥದ್ದು. ಬಾಕ್ಸ್ ಇನ್ನೂ ಒಡ್ದಿಲ್ಲ, ವಾಪಸ್ ಕೊಟ್ಟು ಚಿಕ್ಕದು ತಗೊಳ್ಳಿ.”

“ಇರ್ಲಿ ಬಿಡಿ ಅನ್ವರ್. ಕಡಿಮೆ ಆದ್ರೆ ಕಷ್ಟ. ಜಾಸ್ತಿ ಆದ್ರೇನು ನಷ್ಟ?”

“ಜಾಸ್ತಿ ಆದ್ರೂ ಕಷ್ಟಾನೇ ಸಾರ್,” ಎಂದು ಅನ್ವರ್ ವಿವರಿಸಲು ಹೊರಟರು. ನಾನು ಮೇಷ್ಟ್ರ ಮುಖ ಮಾಡಿದೆ. ಮೂವತ್ತು ವರ್ಷ ಅಭ್ಯಾಸವಾದ ಮುಖ, ಎದುರಿನವರು ಪ್ರಶ್ನೆಯನ್ನು ನುಂಗಿಕೊಳ್ಳಬೇಕು, ಅಂಥದ್ದು. ಅವರು ನುಂಗಿಕೊಂಡು ಗೋಡೆ ಕೊರೆದರು.

ಹೆಣ್ಣು ಮಗು ಹುಟ್ಟಿತು. ಹನ್ನೊಂದನೆಯ ದಿನ ಸುಮಾ ಮಗುವನ್ನೆತ್ತಿಕೊಂಡು ನಮ್ಮ ಮನೆಯ ಮೆಟ್ಟಿಲು ಹತ್ತಿದಳು. ನಾನು ಮುಂದೆ ಓಡಿಹೋಗಿ ಎಸಿಯ ಗುಂಡಿ ಒತ್ತಿ, ರಿಬ್ಬನ್ ಕತ್ತರಿಸಿದ ಮಂತ್ರಿಯ ಹಾಗೆ ಪಕ್ಕಕ್ಕೆ ನಿಂತೆ. ಧಡ್ ಎಂದು ಶುರುವಾಯಿತು. ಐದೇ ನಿಮಿಷಕ್ಕೆ ಕೋಣೆ ಊಟಿಯಾಯಿತು. “ನೋಡ್ದ್ಯಾ?” ಎಂದೆ. ಸುಮಾಳೂ ನಕ್ಕಳು. ಅಷ್ಟರಲ್ಲಿ ಹೇಳಿದಷ್ಟು ತಣ್ಣಗಾಯಿತೆಂದು ಎಸಿ ತಾನೇ ನಿಂತಿತು. ಹೊರಗೆ ಮೂರು ಗಂಟೆಯ ಬಿಸಿಲು. ಪಶ್ಚಿಮದ ಗೋಡೆ, ಮೇಲಿನ ತಾರಸಿ ಎರಡೂ ಕುಡಿದಿದ್ದ ಬಿಸಿಯನ್ನು ನಿಧಾನವಾಗಿ ಒಳಗೆ ಕಕ್ಕಿದವು. ಹತ್ತು ನಿಮಿಷಕ್ಕೆ ಮತ್ತೆ ಧಡ್. ಮಗು ಎರಡೂ ಕೈ ಮೇಲೆತ್ತಿ, ಬೆಚ್ಚಿ, ಕಿರುಚಿಕೊಂಡಿತು.

ಮುಂದಿನ ದಿನಗಳು ಹೀಗೆಯೇ ಉರುಳಿದವು. ಧಡ್, ಊಟಿ, ಮೌನ, ಸೆಕೆ, ಧಡ್. ಊಟಿ ಬಂದಾಗ ಜಯಾ ಬಾಣಂತಿಗೂ ಮಗುವಿಗೂ ಎರಡೆರಡು ಹೊದಿಕೆ ಹೊದಿಸಿ, ತಾನು ನನ್ನ ಮಂಕಿ ಕ್ಯಾಪು ಹಾಕಿಕೊಂಡು ಕೂರುವಳು. ಹೊದಿಸಿ ಮುಗಿಯುವಷ್ಟರಲ್ಲಿ ಸೆಕೆ ಬರುತ್ತಿತ್ತು, ತೆಗೆಯುವಷ್ಟರಲ್ಲಿ ಊಟಿ. ದಿನವಿಡೀ ಅವಳಿಗೆ ಹೊದಿಸುವುದು ತೆಗೆಯುವುದೇ ಕೆಲಸವಾಯಿತು.

ಸೆಕೆಯನ್ನು ಹೇಗೋ ತಡೆಯಬಹುದಿತ್ತು, ತೇವ ತಡೆಯುವಂತಿರಲಿಲ್ಲ. ಬಾಣಂತಿ ಕೋಣೆಯಲ್ಲಿ ಎಷ್ಟು ನೀರಿರುತ್ತದೆಂದು ಯೋಚಿಸಿ. ಪಕ್ಕದ ಬಚ್ಚಲಿಂದ ಕುದಿಯುವ ನೀರಿನ ಹಬೆ, ಹಗ್ಗದ ಮೇಲೆ ಸಾಲಾಗಿ ಮಗುವಿನ ಬಟ್ಟೆ, ಮುಚ್ಚಿದ ಕಿಟಕಿ. ಗಾಳಿಯ ತೇವವನ್ನು ಹಿಂಡಿ ಹೊರಗೆ ಹಾಕಬೇಕಾದರೆ ಎಸಿ ಒಂದಷ್ಟು ಹೊತ್ತು ಬಿಡದೆ ಓಡಬೇಕು. ಐದೈದು ನಿಮಿಷಕ್ಕೆ ಕೆಲಸ ಮುಗಿಯಿತೆಂದು ಎದ್ದುಹೋಗುವ ಯಂತ್ರಕ್ಕೆ ಅಷ್ಟು ಪುರುಸೊತ್ತು ಎಲ್ಲಿಂದ ಬರಬೇಕು? ಕೋಣೆ ತಣ್ಣಗೂ ಇತ್ತು, ಜಿಗುಟಾಗಿಯೂ ಇತ್ತು. ಬಟ್ಟೆ ಮೂರು ದಿನವಾದರೂ ಒಣಗಲಿಲ್ಲ, ದಿಂಬು ಮುಗ್ಗಲು ವಾಸನೆ ಹೊಡೆಯಿತು. ಮಗು ನೋಡಲು ಬಂದ ಎದುರುಮನೆಯವರು ಗೋಡೆಯ ಮೇಲಿದ್ದ ದೇವರ ಫೋಟೋದ ಗಾಜಿನಲ್ಲಿ ನೀರಿಳಿಯುವುದನ್ನು ಕಂಡು, “ಅಯ್ಯೋ, ದೇವ್ರೇ ಬೆವರ್ತಾ ಇದಾನಲ್ಲಮ್ಮ! ಯಾರದೋ ಕಣ್ಣು ಬಿದ್ದಿದೆ,” ಎಂದರು. ಜಯಾ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಆ ಘಾಟಿಗೆ ಮುಚ್ಚಿದ ಮನೆಯಲ್ಲಿ ಎಲ್ಲರೂ ಒಂದು ಗಂಟೆ ಕೆಮ್ಮಿದೆವು.

ಇಷ್ಟಾದರೂ ನಾನು ಒಪ್ಪಲಿಲ್ಲ. ಹೊಸದು, ಹೊಂದಿಕೊಳ್ಳಬೇಕಲ್ಲ ಎಂದೆ. ಬೂಟಿನ ಬಗ್ಗೆ ನಮ್ಮಪ್ಪ ಹೇಳುತ್ತಿದ್ದ ಮಾತೇ ಅದು.

ಅವರು ಬಂದ ಒಂಬತ್ತನೆಯ ದಿನ ಮಗು ಮೂರು ಸಲ ಸೀನಿತು. ಮಧ್ಯಾಹ್ನ ಸಾರಿನ ಲೋಟ ಹಿಡಿದು ಮೇಲೆ ಹೋದರೆ, ಸುಮಾ ಮಂಚದ ಮೇಲೆ ಬ್ಯಾಗು ಇಟ್ಟುಕೊಂಡು, ಇನ್ನೂ ಒಣಗದ ಬಟ್ಟೆಗಳನ್ನು ಮಡಿಸಿ ತುಂಬುತ್ತಿದ್ದಳು.

“ಏನಮ್ಮ ಇದು?”

ಅವಳು ತಲೆಯೆತ್ತಲಿಲ್ಲ. “ಸಾರ್, ಆರ್ದ್ರತೆ ಅಂದ್ರೇನು ಸಾರ್?”

ನಾನು ಲೋಟವನ್ನು ಇನ್ನೊಂದು ಕೈಗೆ ಬದಲಾಯಿಸಿದೆ.

“ಎಂಟನೇ ಕ್ಲಾಸಲ್ಲಿ ಹೇಳ್ಕೊಟ್ಟಿದ್ರಿ ಸಾರ್. ಗಾಳಿ ತಣ್ಣಗಾದಷ್ಟೂ ಅದು ನೀರು ಹಿಡ್ಕೊಳ್ಳೋ ಶಕ್ತಿ ಕಮ್ಮಿ ಆಗುತ್ತೆ ಅಂತ. ನಾನು ಪೂರ್ತಿ ಮಾರ್ಕ್ಸ್ ತಗೊಂಡಿದ್ದೆ.” ಆಮೇಲೆ ದನಿ ಇಳಿಸಿದಳು. “ಇವರು ಸಾಯಂಕಾಲ ಕಾರ್ ತರ್ತಾರೆ ಅಪ್ಪ. ಕೆಂಗೇರಿಗೆ ಹೋಗ್ತೀನಿ. ನಿನ್ನ ಮೇಲೆ ಕೋಪ ಇಲ್ಲ ಕಣಪ್ಪ. ನಂಗೆ ನಿದ್ದೆ ಇಲ್ಲ.”

ಕೋಪ ಮಾಡಿಕೊಂಡಿದ್ದರೆ ನಾನೂ ಜಗಳವಾಡಬಹುದಿತ್ತು. ಲೋಟವನ್ನು ಕಿಟಕಿಯ ಮೇಲಿಟ್ಟು ಕೆಳಗಿಳಿದೆ. ಜಯಾಳಿಗೂ ಹೇಳದೆ ಚಪ್ಪಲಿ ಮೆಟ್ಟಿಕೊಂಡು ಆಟೋ ಹಿಡಿದು ಕಾಮಾಕ್ಷಿಪಾಳ್ಯಕ್ಕೆ ಹೋದೆ. ದಾರಿಯುದ್ದಕ್ಕೂ ನನಗೆ ನೆನಪಾಗುತ್ತಿದ್ದದ್ದು ಮಾಗಡಿಯ ಹಜಾರದ ಆ ಕುರ್ಚಿ. ಅನ್ವರ್ ತಮ್ಮ ಅಂಗಡಿಯ ಮುಂದೆ ಕುಳಿತು ಯಾವುದೋ ಫ್ರಿಜ್ಜಿನ ಹೊಟ್ಟೆ ಬಗೆಯುತ್ತಿದ್ದರು. ನನ್ನನ್ನು ನೋಡಿದ ತಕ್ಷಣ, “ಜಾಸ್ತಿ ಆಯ್ತಾ ಸಾರ್?” ಎಂದರು.

“ಆಯ್ತು ಅನ್ವರ್. ಸಾಯಂಕಾಲದೊಳಗೆ ಏನಾದ್ರೂ ಮಾಡ್ಬೇಕು. ಇಲ್ದಿದ್ರೆ ಮಗಳು ಹೋಗ್ಬಿಡ್ತಾಳೆ.” ಹಾಗೆ ಹೇಳಿ ಮುಖವನ್ನು ರಸ್ತೆಯ ಕಡೆ ತಿರುಗಿಸಿಕೊಂಡೆ. ಅನ್ವರ್ ಅದನ್ನು ಕಂಡೂ ಕಾಣದವರಂತೆ ಫ್ರಿಜ್ಜಿನ ಬಾಗಿಲು ಮುಚ್ಚಿ, ಗಾಡಿ ತೆಗೆದು, ನನ್ನನ್ನು ಹಿಂದೆ ಕೂರಿಸಿಕೊಂಡರು.

ಕೋಣೆಗೆ ಬಂದು ಅವರು ಯಂತ್ರದ ಕಡೆ ತಿರುಗಿಯೂ ನೋಡಲಿಲ್ಲ. ಪಶ್ಚಿಮದ ಗೋಡೆಗೆ ಅಂಗೈ ಇಟ್ಟರು, ಕುರ್ಚಿ ಹತ್ತಿ ಮೇಲಿನ ಸೂರಿಗೂ ಇಟ್ಟರು. ಆಮೇಲೆ ಬಾಗಿಲ ಹತ್ತಿರ ನೆಲದಲ್ಲಿ ಕುಳಿತು, ಸುಮಾಳನ್ನು ಕೇಳಿದರು: “ಏನಮ್ಮಾ, ನಿಂಗೆ ಸೆಕೆ ಆಗೋದು ಯಾವಾಗ?”

ಸುಮಾ ಬಟ್ಟೆ ಮಡಿಸುವುದನ್ನು ನಿಲ್ಲಿಸಿದಳು. “ಮಧ್ಯಾಹ್ನ ಎರಡೂವರೆಯಿಂದ ಏಳರ ತನಕ ಅಣ್ಣ. ಅಷ್ಟೇ. ಬೆಳಿಗ್ಗೆ ಚೆನ್ನಾಗೇ ಇರುತ್ತೆ. ರಾತ್ರಿಗೆ ಫ್ಯಾನ್ ಒಂದರಲ್ಲಿ ಇದ್ರೆ ಸಾಕು, ಅಮ್ಮ ಬಿಡಲ್ಲ.”

“ಮಲ್ಗೋದು ಎಷ್ಟು ಜನ?”

“ನಾನು, ಮಗು, ಅಮ್ಮ.” ಇಷ್ಟು ಹೇಳಿ ಅವಳಿಗೆ ಏನಾಯಿತೋ, ಕಣ್ಣಲ್ಲಿ ನೀರು ಸುರಿಯಿತು. “ಇದನ್ನ ಇಷ್ಟು ದಿನ ಯಾರೂ ನನ್ನ ಕೇಳೇ ಇಲ್ಲ ಅಣ್ಣ. ಒಬ್ಬರು ಪಟ್ಟಿ ಓದ್ತಾರೆ, ಒಬ್ಬರು ಎರಡು ಟನ್ ತರ್ತಾರೆ.”

ಮಗುವಿನ ಪಕ್ಕ ಕುಳಿತಿದ್ದ ಜಯಾ ಮಂಕಿ ಕ್ಯಾಪು ತೆಗೆದು ಮಡಿಲಲ್ಲಿಟ್ಟುಕೊಂಡಳು. ನಾನು ನೆಲ ನೋಡಿದೆ. ನಾವಿಬ್ಬರೂ ತಿಂಗಳುಗಟ್ಟಲೆ ಆ ಕೋಣೆಯ ಬಗ್ಗೆ ಮಾತಾಡಿದ್ದೆವು, ಅದರಲ್ಲಿ ಮಲಗುವವಳಿಗೆ ಯಾವ ಹೊತ್ತಿನಲ್ಲಿ ಏನು ಬೇಕು ಎಂದು ಕೇಳಬಹುದೆಂಬುದು ಹೊಳೆದೇ ಇರಲಿಲ್ಲ. ನಾಚಿಕೆಯಾಯಿತು, ನಿಜವಾಗಿಯೂ ನಾಚಿಕೆಯಾಯಿತು.

ಅನ್ವರ್ ಕಿವಿಯ ಪೆನ್ಸಿಲು ತೆಗೆದು ಗೋಡೆಯ ಮೇಲೇ ಬರೆದರು. ತಾರಸಿಗೆ ಬಿಳಿ ಬಣ್ಣ ಎರಡು ಕೈ. ಕಿಟಕಿಯ ಹೊರಗೆ ಬಿದಿರಿನ ಪರದೆ, ಒಳಗಲ್ಲ, ಹೊರಗೆ. ಬಿಸಿಲು ಗಾಜಿಗೆ ತಾಗುವ ಮೊದಲೇ ನಿಲ್ಲಬೇಕು. ಒದ್ದೆ ಬಟ್ಟೆ ತಾರಸಿಗೆ. ಬಚ್ಚಲ ಬಾಗಿಲು ಮುಚ್ಚಿ, ಅದರ ಸಣ್ಣ ಕಿಟಕಿ ತೆಗೆಯಬೇಕು. “ಇಷ್ಟಾದ್ಮೇಲೆ ಒಂದು ಟನ್ ಹಾಕ್ತೀನಿ. ಅದು ಮಧ್ಯಾಹ್ನ ಪೂರ್ತಿ ಮೆಲ್ಲಗೆ ಓಡ್ತಾ ಇರುತ್ತೆ, ಸದ್ದಿಲ್ಲ, ತೇವಾನೂ ಎಳ್ಕೊಳ್ಳುತ್ತೆ. ಇದನ್ನ ನಮ್ಮ ಏರಿಯಾದಲ್ಲಿ ಒಬ್ರು ಕಂಪ್ಯೂಟರ್ ಎಂಬ್ರಾಯ್ಡರಿ ಮಾಡ್ತಾರೆ, ಅವರ ಹಾಲಿಗೆ ಕೊಡಿಸ್ತೀನಿ. ಅವರದ್ದು ಒಂದು ಟನ್, ಸಾಲ್ದೆ ಒದ್ದಾಡ್ತಾ ಇದಾರೆ. ಒಳ್ಳೆ ಮಿಷಿನ್ ಸಾರ್ ಇದು. ಜಾಗ ತಪ್ಪಿ ಬಂದಿದೆ, ಅಷ್ಟೇ.”

“ಎಷ್ಟು ದಿನ ಬೇಕಣ್ಣ?” ಸುಮಾ ಕೇಳಿದಳು.

“ಮೂರು.”

ಸುಮಾ ಮಗುವನ್ನು ನೋಡಿದಳು, ಬ್ಯಾಗನ್ನು ನೋಡಿದಳು, ಬಾಗಿಲಲ್ಲಿ ನಿಂತ ನನ್ನನ್ನು ನೋಡಿದಳು. ನನ್ನ ಮುಖದಲ್ಲಿ ಏನಿತ್ತೋ ನನಗೆ ಗೊತ್ತಿಲ್ಲ. ಮೇಷ್ಟ್ರ ಮುಖವಂತೂ ಆಗಿರಲಿಕ್ಕಿಲ್ಲ. “ಮೂರು ದಿನ ನೋಡ್ತೀನಿ,” ಎಂದಳು. ಬ್ಯಾಗಿನ ಬಟ್ಟೆ ತೆಗೆಯಲಿಲ್ಲ.

ಮರುದಿನ ಬೆಳಿಗ್ಗೆ ಐದೂವರೆಗೇ ನಾನು ಪಂಚೆ ಎತ್ತಿಕಟ್ಟಿ ತಾರಸಿಯ ಮೇಲಿದ್ದೆ. ಜನ ಕರೆಸೋಣವೆಂದು ಜಯಾ ಅಂದಳು, ನಾನು ಕೇಳಲಿಲ್ಲ. ಬಿಳಿ ಬಣ್ಣ ಎರಡು ಕೈ ಅಂದಿದ್ದರು. ಮೂರನೆಯದಕ್ಕೆ ಬ್ರಶ್ಶು ಅದ್ದಿದವನು ಹಾಗೇ ನಿಂತೆ, ಯೋಚಿಸಿದೆ, ಡಬ್ಬದ ಮುಚ್ಚಳ ಹಾಕಿದೆ. ನನ್ನ ಬಾಳಿನಲ್ಲಿ ಹೇಳಿದಷ್ಟೇ ಮಾಡಿದ ಮೊದಲ ಕೆಲಸ ಅದಿರಬೇಕು. ಸೊಂಟ ಹಿಡಿದುಕೊಂಡು ಇಳಿದು ಬಂದರೆ, ಬಿಳಿಯ ತಲೆ, ಬಿಳಿಯ ಮೀಸೆ, ಬಿಳಿಯ ಕಾಲು. ಸುಮಾ ನೋಡಿ, ಬಾಣಂತಿ ಹಾಗೆ ನಗಬಾರದು ಹೊಲಿಗೆ ಬಿಚ್ಚುತ್ತೆ ಎಂದು ಅವಳಮ್ಮ ಗದರಿಸುವವರೆಗೆ ನಕ್ಕಳು.

ಮೂರನೆಯ ದಿನ ಎಂಬ್ರಾಯ್ಡರಿಯವರ ಒಂದು ಟನ್ ನಮ್ಮ ಗೋಡೆಗೆ ಬಂತು. ಮಧ್ಯಾಹ್ನ ಎರಡೂವರೆಗೆ ಶುರುವಾಗಿ, ಏಳರವರೆಗೆ ಗುಂಯ್ ಎಂದು ಒಂದೇ ಸ್ವರದಲ್ಲಿ ಓಡಿತು. ಕೋಣೆ ಊಟಿಯಾಗಲಿಲ್ಲ. ಮಳೆ ನಿಂತ ಮೇಲಿನ ಸಾಯಂಕಾಲದಂತೆ ಹಿತವಾಯಿತು, ಅಷ್ಟೇ. ಮಗು ನಿದ್ದೆ ಹೋಯಿತು. ಮಗುವಿನ ಪಕ್ಕ ಸುಮಾ ನಿದ್ದೆ ಹೋದಳು. ಅವಳ ಪಕ್ಕ ಜಯಾ, ರಾತ್ರಿ ಫ್ಯಾನು ಹಾಕಿಕೊಳ್ಳಲಿ ಬಿಡಿ ಎಂದು ಗೊಣಗುತ್ತಲೇ ಗೊರಕೆ ಹೊಡೆದಳು. ನಾನು ಶಬ್ದ ಮಾಡದೆ ಮಂಚದ ಕೆಳಗಿನ ಬ್ಯಾಗನ್ನು ಎಳೆದು, ಬಟ್ಟೆಗಳನ್ನು ಒಂದೊಂದಾಗಿ ತೆಗೆದು ತಾರಸಿಗೆ ಒಯ್ದು ಒಣಹಾಕಿದೆ. ಸಂಜೆ ಎದ್ದ ಸುಮಾ ಖಾಲಿ ಬ್ಯಾಗು ನೋಡಿ, ಅದನ್ನು ಕಾಲಿನಿಂದಲೇ ಮಂಚದ ಕೆಳಗೆ ತಳ್ಳಿದಳು.

ಐದು ತಿಂಗಳಿದ್ದಳು. ಮಗು ಮೊದಲ ಸಲ ನಕ್ಕಿದ್ದು ಒಂದು ಬುಧವಾರ. ನಾನಿದ್ದೆ. ಕತ್ತು ನಿಲ್ಲಿಸಿದ್ದು ಶುಕ್ರವಾರ, ಆಗಲೂ ಇದ್ದೆ. ಮಗುಚಿಕೊಂಡ ದಿನ ಮಂಗಳವಾರ, ಬಚ್ಚಲಿನಲ್ಲಿದ್ದ ಜಯಾಳನ್ನು ಕೂಗಿ ಕೂಗಿ ಕರೆದೆ. ಅವಳು ಬರುವಷ್ಟರಲ್ಲಿ ಮಗು ಮತ್ತೆ ಅಂಗಾತವಾಗಿತ್ತು. ನನ್ನ ಮಾತನ್ನು ಅವಳು ನಂಬಲೇ ಇಲ್ಲ. ನಂಬದಿದ್ದರೇನು, ಅದನ್ನು ನೋಡಿದವನು ಜಗತ್ತಿನಲ್ಲಿ ನಾನೊಬ್ಬನೇ.

ಇರಲಿ, ಇವತ್ತಿಗೆ ಬರುತ್ತೇನೆ. ಆ ಮಗುವಿಗೆ ಈಗ ಐದು ವರ್ಷ. ಅದರ ಹಿಂದೆ ತಮ್ಮನೊಬ್ಬ ಬಂದಿದ್ದಾನೆ. ಡಿಸೆಂಬರಿನಲ್ಲಿ ಹುಟ್ಟಿದ ಬುದ್ಧಿವಂತ, ಅವನಿಂದ ಯಾರಿಗೂ ಎಸಿಯ ತಾಪತ್ರಯವಿರಲಿಲ್ಲ. ಹನ್ನೆರಡು ಗಂಟೆಗೆ ಎಲ್ಲರೂ ಬಂದಿಳಿದರು. ಮಾವಿನಹಣ್ಣಿನ ಸೀಕರಣೆ, ಪೂರಿ ಊಟವಾಯಿತು. ಕೆಳಗೆ ಗಿರಣಿಯ ಸದ್ದೆಂದು ಆರು ಜನವೂ ಮೇಲಿನ ಕೋಣೆಗೆ ಹತ್ತಿದೆವು. ಮಂಚದ ಮೇಲೆ ಸುಮಾ, ಅವಳ ಗಂಡ, ನಡುವೆ ಚಿಕ್ಕವನು. ಕೆಳಗೆ ಹಾಸಿದ ಜಮಖಾನದ ಮೇಲೆ ನಾವು ಮೂವರು.

ಒಂದು ಟನ್ನು ಪಾಪ, ಮೈಮುರಿದು ಓಡುತ್ತಿದೆ. ಆರು ಜನರ ಮೈಶಾಖ, ಅದರಲ್ಲಿ ಒಂದು ಕ್ಷಣ ಸುಮ್ಮನಿರದ ಎರಡು ಮಕ್ಕಳು. ಬಾಗಿಲು ಹತ್ತು ನಿಮಿಷಕ್ಕೊಮ್ಮೆ ತೆಗೆಯುತ್ತದೆ, ಮುಚ್ಚುತ್ತದೆ, ಮುಚ್ಚದೆಯೂ ಇರುತ್ತದೆ. ತಂಪು ಮಂಚದವರೆಗೆ ಬಂದು ನಿಂತುಬಿಟ್ಟಿದೆ. ಅಲ್ಲೂ ಅಳಿಯನ ಹಣೆ ಬೆವರಿದೆ.

“ರೀ, ಇದು ಸಾಲಲ್ಲ ಕಣ್ರೀ,” ಎಂದಳು ಜಯಾ, ಸೆರಗಿನಿಂದ ಬೀಸಿಕೊಳ್ಳುತ್ತಾ. “ಇನ್ನೊಂಚೂರು ದೊಡ್ಡದು ನೋಡಿ. ಅನ್ವರ್‌ಗೆ ಫೋನ್ ಮಾಡಿ.”

ಇಷ್ಟು ವರ್ಷದಲ್ಲಿ ಅವಳ ಬಾಯಿಂದ ಆ ಮಾತು ಕೇಳಿದ್ದು ಇದೇ ಮೊದಲು. ಮಂಚದ ಮೇಲಿಂದ ಸುಮಾ ಕತ್ತೆತ್ತಿ ನನ್ನನ್ನೇ ನೋಡುತ್ತಿದ್ದಳು. ಅಪ್ಪ ಈಗ ಎದ್ದು ಅಂಗಡಿಗೆ ಓಡುತ್ತಾನೆ ಎಂದುಕೊಂಡಿದ್ದಳೋ ಏನೋ.

“ಬೇಡ ಬಿಡೇ,” ಎಂದೆ. “ಸಾಲದಷ್ಟು ಜನ ಇದೀವಲ್ಲ.”

ಮೊಮ್ಮಗಳು ಸೆಕೆ ಸೆಕೆ ಎಂದು ಹೊರಳಿ ಬಂದು ನನ್ನ ತೋಳಿಗೆ ಒತ್ತಿಕೊಂಡಳು. ತಂಪು ಬೇಕಿದ್ದರೆ ಆ ಕಡೆ ಅಪ್ಪನ ಹತ್ತಿರ ಹೋಗು ಎಂದೆ. ಹೋಗಲಿಲ್ಲ. ಬೆವರಿದ ಕಾಲೊಂದನ್ನು ನನ್ನ ಹೊಟ್ಟೆಯ ಮೇಲೆ ಹಾಕಿ ಮಲಗಿಬಿಟ್ಟಳು. ನಾನು ಅಲುಗಾಡದೆ, ಸಾಯಂಕಾಲ ಐದರವರೆಗೂ ಹಾಗೆಯೇ ಬೆವರುತ್ತಾ ಮಲಗಿದ್ದೆ.